ಹೆಲ್ಮ್ ಇನ್‌ಸ್ಟಾಲ್ ಒತ್ತುವ ಮುನ್ನ

2025ರ ಮಾರ್ಚ್ 24ರಂದು ಕುಬರ್ನೆಟೀಸ್ ಭದ್ರತಾ ತಂಡ ಒಂದು ತುರ್ತು ಎಚ್ಚರಿಕೆ ಹೊರಡಿಸಿತು. ಇಂಗ್ರೆಸ್ ಎಂಜಿನ್‌ಎಕ್ಸ್ ಎಂಬ ತಂತ್ರಾಂಶದಲ್ಲಿ ಗಂಭೀರ ದೋಷವಿದೆ, ತೀವ್ರತೆ 10ಕ್ಕೆ 9.8, ಕೂಡಲೇ ಹೊಸ ಆವೃತ್ತಿ ಹಾಕಿಕೊಳ್ಳಿ ಎಂಬುದು ಅದರ ಸಾರ. ಹೊರಗಿನಿಂದ ಬರುವ ವೆಬ್ ಕೋರಿಕೆಗಳನ್ನು ಕ್ಲಸ್ಟರ್, ಅಂದರೆ ಒಟ್ಟಾಗಿ ನಡೆಯುವ ಯಂತ್ರಗಳ ಗುಂಪಿನೊಳಗಿನ ಆಯಾ ಸೇವೆಗೆ ದಾಟಿಸುವುದು ಈ ತಂತ್ರಾಂಶದ ಕೆಲಸ. ಕುಬರ್ನೆಟೀಸ್ ಬಳಸುವವರಲ್ಲಿ ಬಹಳ ಮಂದಿ ಇದನ್ನೇ ನೆಚ್ಚಿಕೊಂಡಿದ್ದರು. ದೋಷ ಕಂಡುಹಿಡಿದ ವಿಜ್ ಸಂಸ್ಥೆಯ ಸಂಶೋಧಕರು ಅದಕ್ಕೆ ಇಂಗ್ರೆಸ್ ನೈಟ್‌ಮೇರ್ ಎಂದು ಹೆಸರಿಟ್ಟರು. ಇಂಟರ್ನೆಟ್‌ನಿಂದ ನೇರವಾಗಿ ಮುಟ್ಟಬಹುದಾದ ಸ್ಥಿತಿಯಲ್ಲಿ 6,500ಕ್ಕೂ ಹೆಚ್ಚು ಕ್ಲಸ್ಟರ್‌ಗಳಿದ್ದವು ಎಂದು ಲೆಕ್ಕವನ್ನೂ ಕೊಟ್ಟರು.

ಆ ದಾಳಿಯ ಬಗೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇಂಗ್ರೆಸ್‌ಗೆ ಹೊಸ ಸಂರಚನೆ ಬಂದಾಗ ಅದು ಸರಿಯಿದೆಯೇ ಎಂದು ಪರೀಕ್ಷಿಸುವ ಒಂದು ಭಾಗ ಈ ತಂತ್ರಾಂಶದಲ್ಲಿದೆ. ಅಡ್ಮಿಷನ್ ಕಂಟ್ರೋಲರ್ ಎನ್ನುತ್ತಾರೆ. ಪರೀಕ್ಷೆಗೆಂದು ಕಳಿಸಿದ ಸಂರಚನೆಯಲ್ಲೇ ಕೇಡಿನ ಸಾಲುಗಳನ್ನು ತೂರಿಸಿದರೆ, ಪರೀಕ್ಷಿಸುವ ಹೊತ್ತಿಗೇ ಅವು ಓಡಿಬಿಡುತ್ತಿದ್ದವು. ಇದು ಕೋಡ್‌ನ ತಪ್ಪು. ಆದರೆ ಅಷ್ಟರಿಂದಲೇ ಇಡೀ ಕ್ಲಸ್ಟರ್ ಕೈತಪ್ಪುವುದಿಲ್ಲ. ಕೈತಪ್ಪಿದ್ದು ಬೇರೆ ಎರಡು ಕಾರಣಗಳಿಂದ. ಒಂದು, ಕ್ಲಸ್ಟರ್‌ನೊಳಗಿನ ಯಾವುದೇ ಪಾಡ್ (ಕಂಟೇನರ್‌ಗಳು ಓಡುವ ಘಟಕ) ಯಾವ ಗುರುತೂ ತೋರಿಸದೆ ಆ ಭಾಗವನ್ನು ಮಾತಾಡಿಸಬಹುದಿತ್ತು. ಇನ್ನೊಂದು, ಎಲ್ಲ ನೇಮ್‌ಸ್ಪೇಸ್‌ಗಳ (ಕ್ಲಸ್ಟರ್‌ನ ಒಳವಿಭಾಗಗಳ) ಸೀಕ್ರೆಟ್‌ಗಳನ್ನೂ (ಪಾಸ್‌ವರ್ಡ್, ಕೀಲಿಗಳಂಥವನ್ನು) ಓದುವ ಅಧಿಕಾರ ಅದಕ್ಕೆ ಇನ್‌ಸ್ಟಾಲ್ ಆದ ದಿನವೇ ಸಿಕ್ಕಿತ್ತು.

ಕೋಡ್‌ನ ತಪ್ಪು ನಮ್ಮ ಕೈಯಲ್ಲಿಲ್ಲ. ನಾಳೆ ಇನ್ನೊಂದು ತಂತ್ರಾಂಶದಲ್ಲಿ ಇನ್ನೊಂದು ದೋಷ ಬಂದೇ ಬರುತ್ತದೆ. ಆದರೆ ಒಂದು ಪಾಡ್ ಕೆಟ್ಟರೆ ಆ ಕೇಡು ಎಲ್ಲಿಯವರೆಗೆ ಹಬ್ಬಬಹುದು ಎಂಬುದನ್ನು ತೀರ್ಮಾನಿಸುವುದು ನಾವು ಕೊಟ್ಟ ಪರ್ಮಿಷನ್ ಮತ್ತು ನಾವು ಮುಚ್ಚದೆ ಬಿಟ್ಟ ನೆಟ್‌ವರ್ಕ್ ದಾರಿಗಳು. ಕಂಪನಿಯ ಇಡೀ ಕ್ಲಸ್ಟರನ್ನು ಒಬ್ಬಿಬ್ಬರೇ ನೋಡಿಕೊಳ್ಳುವ ತಂಡಗಳು ನಮ್ಮಲ್ಲಿ ಸಾಕಷ್ಟಿವೆ. ಈ ಲೇಖನ ಮುಖ್ಯವಾಗಿ ಅವರಿಗಾಗಿ.

ವಿಷಯಕ್ಕೆ ಹೊಸಬರಾದವರಿಗೆ ಎರಡು ಮಾತು. ಒಂದು ಅಪ್ಲಿಕೇಶನ್ನನ್ನು ಅದಕ್ಕೆ ಬೇಕಾದ ಲೈಬ್ರರಿಗಳ ಸಮೇತ ಕಟ್ಟಿ ಎಲ್ಲಿ ಬೇಕಾದರೂ ಓಡಿಸುವಂತೆ ಮಾಡುವುದು ಕಂಟೇನರ್. ನೂರಾರು ಕಂಟೇನರ್‌ಗಳನ್ನು ಹತ್ತಾರು ಯಂತ್ರಗಳ ಮೇಲೆ ಹಂಚಿ, ಸತ್ತದ್ದನ್ನು ಎಬ್ಬಿಸಿ, ಬೇಕಾದಾಗ ಹೆಚ್ಚಿಸಿ ನಡೆಸುವುದು ಕುಬರ್ನೆಟೀಸ್. ಗೂಗಲ್ 2014ರಲ್ಲಿ ಇದನ್ನು ಮುಕ್ತ ತಂತ್ರಾಂಶವಾಗಿ ಹೊರತಂದಿತು, 2015ರ ಜುಲೈನಲ್ಲಿ 1.0 ಆವೃತ್ತಿ ಬಂತು. ಕುಬರ್ನೆಟೀಸ್‌ಗೆ ಏನು ಬೇಕು ಎಂಬುದನ್ನು ಯಾಮಲ್ ಕಡತಗಳಲ್ಲಿ ಬರೆದು ಹೇಳಬೇಕು. ಒಂದು ಡೇಟಾಬೇಸ್ ನಿಲ್ಲಿಸಲು ಇಂಥ ಹತ್ತು ಹದಿನೈದು ಕಡತ ಬೇಕಾಗಬಹುದು. ಅವನ್ನೆಲ್ಲ ಒಂದೇ ಪ್ಯಾಕೇಜ್ ಮಾಡಿ, ಒಂದೇ ಆಜ್ಞೆಯಲ್ಲಿ ಹಾಕಿಕೊಡುವ ಸಾಧನ ಹೆಲ್ಮ್. ಅದರ ಪ್ಯಾಕೇಜಿಗೆ ಚಾರ್ಟ್ ಎಂದು ಹೆಸರು.

ಚಾರ್ಟ್ ಯಾರ ಅಧಿಕಾರದಲ್ಲಿ ಓಡುತ್ತದೆ

ಹೆಲ್ಮ್ 2ರ ಕಾಲದಲ್ಲಿ ಕ್ಲಸ್ಟರ್‌ನೊಳಗೆ ಟಿಲ್ಲರ್ ಎಂಬ ಒಂದು ಸರ್ವರ್ ಕೂರುತ್ತಿತ್ತು. ನಾವು ಹೇಳಿದ್ದನ್ನು ಅದು ಮಾಡುತ್ತಿತ್ತು. ಕೆಲಸ ಸಲೀಸಾಗಲಿ ಎಂದು ಬಹುತೇಕರು ಅದಕ್ಕೆ ಕ್ಲಸ್ಟರ್ ಅಡ್ಮಿನ್ ಅಧಿಕಾರವನ್ನೇ ಕೊಟ್ಟಿದ್ದರು. ಡೀಫಾಲ್ಟ್ ಸ್ಥಿತಿಯಲ್ಲಿ 44134 ಪೋರ್ಟ್‌ನಲ್ಲಿ ಯಾರು ಬಂದು ಕೇಳಿದರೂ, ಕೇಳಿದವರು ಯಾರೆಂದು ವಿಚಾರಿಸದೆ ಅದು ಉತ್ತರಿಸುತ್ತಿತ್ತು. ಅಂದರೆ ಯಾವುದೋ ಮೂಲೆಯ ಪಾಡ್ ಒಂದು ಕೆಟ್ಟರೆ ಸಾಕು, ಟಿಲ್ಲರ್ ಮೂಲಕ ಇಡೀ ಕ್ಲಸ್ಟರ್ ಕೈವಶ. 2019ರ ನವೆಂಬರ್ 13ರಂದು ಬಂದ ಹೆಲ್ಮ್ 3 ಟಿಲ್ಲರನ್ನು ಕಿತ್ತುಹಾಕಿತು. ಸರಿಯಾಗಿ 1 ವರ್ಷಕ್ಕೆ ಹೆಲ್ಮ್ 2ರ ನಿರ್ವಹಣೆಯೂ ನಿಂತಿತು.

ಟಿಲ್ಲರ್ ಹೋಯಿತು ಎಂದು ನಿರಾಳವಾಗುವಂತಿಲ್ಲ. ಈಗ ಹೆಲ್ಮ್ ಓಡುವುದು ಅದನ್ನು ಓಡಿಸಿದವರ ಅಧಿಕಾರದಲ್ಲಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕ್ಲಸ್ಟರ್ ಪ್ರವೇಶದ ಗುರುತು ಇರುವ ಕ್ಯೂಬ್‌ಕಾನ್ಫಿಗ್ ಕಡತದಲ್ಲಿ ಕ್ಲಸ್ಟರ್ ಅಡ್ಮಿನ್ ಇದ್ದರೆ, ನೀವು ಹಾಕುವ ಪ್ರತಿ ಚಾರ್ಟ್ ಕೂಡ ಆ ಹೊತ್ತಿಗೆ ಕ್ಲಸ್ಟರ್ ಅಡ್ಮಿನ್. ಅದರೊಳಗೆ ಯಾರೋ ಅಪರಿಚಿತರು ಬರೆದ ರೋಲ್‌ಗಳು (ಅನುಮತಿಗಳ ಪಟ್ಟಿ), ಅವನ್ನು ಖಾತೆಗಳಿಗೆ ಅಂಟಿಸುವ ಬೈಂಡಿಂಗ್‌ಗಳು, ಇನ್‌ಸ್ಟಾಲ್‌ಗೆ ಮೊದಲೇ ಓಡುವ ಹುಕ್ ಜಾಬ್‌ಗಳು ಏನೇ ಇದ್ದರೂ ತಡೆಯುವವರಿಲ್ಲ. ನಲ್ಲಿ ರಿಪೇರಿಗೆ ಬಂದವರ ಕೈಗೆ ಮನೆಯ ಬೀಗದ ಕೈ ಗೊಂಚಲನ್ನೇ ಕೊಟ್ಟು ಹೊರಗೆ ಹೋದ ಹಾಗೆ ಇದು.

2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್‌ನ ಭದ್ರತಾ ಸಂಶೋಧಕರು ಚಾರ್ಟ್‌ಗಳ ಡೀಫಾಲ್ಟ್ ಸಂರಚನೆಗಳ ವಿಷಯವನ್ನೇ ಎತ್ತಿಕೊಂಡು ಬರೆದರು. ಅಪಾಚೆ ಪಿನಾಟ್ ಎಂಬ ಡೇಟಾಬೇಸ್‌ನ ಚಾರ್ಟನ್ನು ಏನೂ ಬದಲಿಸದೆ ಹಾಕಿದರೆ ಅದರ ಮುಖ್ಯ ಭಾಗಗಳು ಲೋಡ್ ಬ್ಯಾಲೆನ್ಸರ್ ಮೂಲಕ ಇಂಟರ್ನೆಟ್‌ಗೆ ತೆರೆದುಕೊಳ್ಳುತ್ತಿದ್ದವು, ಪಾಸ್‌ವರ್ಡ್ ಕೇಳುತ್ತಿರಲಿಲ್ಲ. ಮೆಶರಿ ಎಂಬ ಇನ್ನೊಂದರಲ್ಲಿ, ಹೊರಗಿನಿಂದ ತಲುಪುವ ಹಾಗಿದ್ದರೆ ಯಾರು ಬೇಕಾದರೂ ಖಾತೆ ತೆರೆದು ಕ್ಲಸ್ಟರ್‌ನಲ್ಲಿ ಪಾಡ್ ಎಬ್ಬಿಸಬಹುದಿತ್ತು. ಇವನ್ನು ಬರೆದವರು ಕೆಟ್ಟ ಉದ್ದೇಶದವರಲ್ಲ. ಹೊಸಬರು ಐದು ನಿಮಿಷದಲ್ಲಿ ಓಡಿಸಿ ನೋಡಲಿ ಎಂಬುದು ಅವರ ಆಸೆ. ಅದೇ ಚಾರ್ಟ್ ಗ್ರಾಹಕರ ಡೇಟಾ ಇರುವ ಪ್ರೊಡಕ್ಷನ್‌ಗೆ ಹೋದಾಗ ತೊಂದರೆ.

ಓದುವುದು ಹೇಗೆ

ಇನ್‌ಸ್ಟಾಲ್ ಮಾಡುವ ಮುಂಚೆ ಎರಡು ಆಜ್ಞೆಗಳು. 'ಹೆಲ್ಮ್ ಶೋ ವ್ಯಾಲ್ಯೂಸ್' ಎಂದರೆ ಚಾರ್ಟ್‌ನಲ್ಲಿ ನೀವು ಬದಲಿಸಬಹುದಾದದ್ದೆಲ್ಲ ಕಾಣುತ್ತದೆ. 'ಹೆಲ್ಮ್ ಟೆಂಪ್ಲೇಟ್' ಎಂದರೆ ನಿಮ್ಮ ವ್ಯಾಲ್ಯೂಗಳನ್ನು ತುಂಬಿದ ಮೇಲೆ ಕ್ಲಸ್ಟರ್‌ಗೆ ನಿಜಕ್ಕೂ ಹೋಗುವ ಯಾಮಲ್ ಹೊರಬೀಳುತ್ತದೆ. ಎರಡನೆಯದು ಮುಖ್ಯ. ಅದನ್ನು ಒಂದು ಕಡತಕ್ಕೆ ಇಳಿಸಿಕೊಂಡು ಕೂರಿ. ಕುಬರ್ನೆಟೀಸ್‌ಗೆ ಹೊಸ ಬಗೆಯ ವಸ್ತುಗಳನ್ನು ಪರಿಚಯಿಸುವ ಸಿಆರ್‌ಡಿಗಳು ತಾವಾಗಿ ಅದರಲ್ಲಿ ಬರುವುದಿಲ್ಲ, 'ಇನ್‌ಕ್ಲೂಡ್ ಸಿಆರ್‌ಡಿಸ್' ಎಂಬ ಫ್ಲ್ಯಾಗ್ ಸೇರಿಸಬೇಕು.

ಸಾವಿರ ಸಾಲಿನ ಯಾಮಲ್ ಓದಲು ಯಾರಿಗೆ ಪುರುಸೊತ್ತು ಎನ್ನಬಹುದು. ಎಲ್ಲವನ್ನೂ ಓದಬೇಕಿಲ್ಲ, ಹುಡುಕಬೇಕಾದ ಪದಗಳು ಕೆಲವೇ. ಮೊದಲು 'ಕ್ಲಸ್ಟರ್ ರೋಲ್' ಹುಡುಕಿ. ಒಂದೇ ನೇಮ್‌ಸ್ಪೇಸ್‌ನಲ್ಲಿ ಕೆಲಸವಿರುವ ತಂತ್ರಾಂಶಕ್ಕೆ ಕ್ಲಸ್ಟರ್ ಮಟ್ಟದ ರೋಲ್ ಏಕೆ ಬೇಕು? ಕಾರಣ ಸಿಗದಿದ್ದರೆ ಚಾರ್ಟ್‌ನ ವ್ಯಾಲ್ಯೂಗಳಲ್ಲಿ ಅದನ್ನು ಆರಿಸುವ ಆಯ್ಕೆ ಇದೆಯೇ ನೋಡಿ, ಎಷ್ಟೋ ಸಲ ಇರುತ್ತದೆ. ರೋಲ್‌ನೊಳಗೆ ನಕ್ಷತ್ರ ಚಿಹ್ನೆ ಕಂಡರೆ ಆ ಜಾಗದಲ್ಲಿ 'ಎಲ್ಲವೂ' ಎಂದರ್ಥ. 'ಸೀಕ್ರೆಟ್ಸ್' ಪದದ ಕೆಳಗೆ 'ಗೆಟ್' ಇರಲಿ 'ಲಿಸ್ಟ್' ಇರಲಿ, ಪರಿಣಾಮ ಒಂದೇ: ಲಿಸ್ಟ್ ಮಾಡಿದರೂ ಒಳಗಿನ ಮಾಹಿತಿಯೆಲ್ಲ ಬರುತ್ತದೆ, ಬರೀ ಹೆಸರುಗಳಲ್ಲ. ಆಮೇಲೆ 'ಪ್ರಿವಿಲೆಜ್ಡ್', 'ಹೋಸ್ಟ್ ಪಾತ್', 'ಹೋಸ್ಟ್ ನೆಟ್‌ವರ್ಕ್'. ಇವು ಕಂಟೇನರ್‌ಗೆ ಅದರ ಗೋಡೆಯಾಚೆಯ ಯಂತ್ರವನ್ನೇ ಮುಟ್ಟಲು ಬಿಡುತ್ತವೆ. ಕೊನೆಗೆ 'ಲೋಡ್ ಬ್ಯಾಲೆನ್ಸರ್' ಮತ್ತು 'ನೋಡ್ ಪೋರ್ಟ್': ಹೊರಜಗತ್ತಿಗೆ ತೆರೆಯುವ ಸೇವೆಗಳು. ಇಷ್ಟು ಹುಡುಕಲು ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕು.

'ಹೆಲ್ಮ್ ಲಿಂಟ್' ಓಡಿಸಿ ಪಾಸಾಯಿತು, ಆದ್ದರಿಂದ ಸುರಕ್ಷಿತ ಎಂದು ಹೇಳುವವರಿದ್ದಾರೆ. ಲಿಂಟ್ ನೋಡುವುದು ಚಾರ್ಟ್ ಸರಿಯಾದ ರೂಪದಲ್ಲಿದೆಯೇ ಎಂಬುದನ್ನಷ್ಟೇ. ಅತಿ ಅಪಾಯಕಾರಿ ಚಾರ್ಟ್ ಕೂಡ ಲಿಂಟ್‌ನಲ್ಲಿ ಸುಲಭವಾಗಿ ಪಾಸಾಗುತ್ತದೆ.

ಆವೃತ್ತಿಯನ್ನು ನಮೂದಿಸದೆ ಇನ್‌ಸ್ಟಾಲ್ ಮಾಡಬೇಡಿ. ನಮೂದಿಸದಿದ್ದರೆ ಹೆಲ್ಮ್ ಆ ದಿನದ ಹೊಸ ಆವೃತ್ತಿಯನ್ನು ಎಳೆದುಕೊಳ್ಳುತ್ತದೆ. ನೀವು ಸೋಮವಾರ ಓದಿದ ಚಾರ್ಟ್ ಬೇರೆ, ಗುರುವಾರ ಪೈಪ್‌ಲೈನ್ ಹಾಕಿದ್ದು ಬೇರೆ ಆಗಬಹುದು. ಅಪ್‌ಗ್ರೇಡ್ ಮಾಡುವಾಗ 'ಹೆಲ್ಮ್ ಡಿಫ್' ಪ್ಲಗಿನ್ ಹಾಕಿಕೊಂಡರೆ ಹಳೆಯದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ ಎಂಬುದು ಸಾಲು ಸಾಲಾಗಿ ಕಾಣುತ್ತದೆ. ಹೊಸ ಆವೃತ್ತಿಯಲ್ಲಿ ಸದ್ದಿಲ್ಲದೆ ಒಂದು ಕ್ಲಸ್ಟರ್ ರೋಲ್ ಸೇರಿದ್ದರೆ ಅಲ್ಲೇ ಕಣ್ಣಿಗೆ ಬೀಳುತ್ತದೆ.

ಹೆಲ್ಮ್ ಓಡುವ ಲ್ಯಾಪ್‌ಟಾಪ್ ಕೂಡ ಗುರಿಯೇ. 2025ರ ಜುಲೈನಲ್ಲಿ ಹೆಲ್ಮ್‌ನಲ್ಲೇ ಒಂದು ದೋಷ ಸಿಕ್ಕಿತು. ಬೇಕೆಂದೇ ತಿರುಚಿದ ಚಾರ್ಟ್ ಒಂದರ ಡಿಪೆಂಡೆನ್ಸಿಗಳನ್ನು ಅಪ್‌ಡೇಟ್ ಮಾಡಿದರೆ, ಅದರ ಲಾಕ್ ಕಡತ ನಿಜದಲ್ಲಿ ನಿಮ್ಮ ಯಂತ್ರದ ಬೇರೊಂದು ಕಡತಕ್ಕೆ ಕೊಂಡಿಯಾಗಿದ್ದು, ಹೆಲ್ಮ್ ಅಲ್ಲಿಗೇ ಬರೆದುಬಿಡುತ್ತಿತ್ತು. ಆ ಕಡತ ಶೆಲ್ ಶುರುವಾದಾಗ ತಾನಾಗಿ ಓಡುವಂಥದ್ದಾದರೆ ಮುಗಿಯಿತು. 3.18.4 ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದರು. ಕ್ಲಸ್ಟರ್ ಅಪ್‌ಗ್ರೇಡ್ ನೆನಪಿಡುವವರು ತಮ್ಮ ಯಂತ್ರದ ಹೆಲ್ಮ್ ಅಪ್‌ಗ್ರೇಡ್ ಮರೆಯುವುದೇ ಹೆಚ್ಚು.

ಪರ್ಮಿಷನ್, ಎಲ್ಲಕ್ಕಿಂತ ಮೊದಲು

ಭದ್ರತೆಗೆಂದು ಸ್ವಲ್ಪ ಸಮಯ ಸಿಕ್ಕಿದ ಕೂಡಲೇ ಹೆಚ್ಚಿನ ತಂಡಗಳು ಮಾಡುವ ಮೊದಲ ಕೆಲಸ ಸ್ಕ್ಯಾನರ್ ಹಾಕುವುದು. ಅದು ನೂರಾರು ದೋಷಗಳ ಪಟ್ಟಿ ಕೊಡುತ್ತದೆ. ಪಟ್ಟಿ ನೋಡಿ ಎದೆಗುಂದಿ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಸ್ಕ್ಯಾನರ್ ಬೇಡ ಎಂದಲ್ಲ. ಟ್ರಿವಿ, ಗ್ರೈಪ್ ಎರಡೂ ಒಳ್ಳೆಯವು, ಉಚಿತವಾಗಿ ಸಿಗುತ್ತವೆ. ಆದರೆ ನನ್ನ ತೀರ್ಮಾನ ಸ್ಪಷ್ಟ: ಸಮಯ ಒಂದೇ ದಿನ ಇದ್ದರೆ ಅದನ್ನು ಪರ್ಮಿಷನ್‌ಗಳ ಮೇಲೆ ಹಾಕಿ. ಇಂಗ್ರೆಸ್ ಎಂಜಿನ್‌ಎಕ್ಸ್ ದೋಷ ಬಹಿರಂಗವಾಗುವ ಹಿಂದಿನ ದಿನ ಯಾವ ಸ್ಕ್ಯಾನರ್‌ಗೂ ಅದು ಗೊತ್ತಿರಲಿಲ್ಲ. ಆ ಪಾಡ್‌ಗೆ ಎಲ್ಲ ಸೀಕ್ರೆಟ್ ಓದುವ ಅಧಿಕಾರ ಇದೆ ಎಂಬುದು ಮಾತ್ರ ಕಣ್ಣೆದುರಿಗೇ ಇತ್ತು.

ಎಲ್ಲಿಂದ ಶುರು ಮಾಡುವುದು? 'ಕ್ಯೂಬ್‌ಸಿಟಿಎಲ್ ಗೆಟ್ ಕ್ಲಸ್ಟರ್ ರೋಲ್ ಬೈಂಡಿಂಗ್ಸ್' ಆಜ್ಞೆಯನ್ನು ವೈಡ್ ಔಟ್‌ಪುಟ್‌ನೊಂದಿಗೆ ಓಡಿಸಿ, ಕ್ಲಸ್ಟರ್ ಅಡ್ಮಿನ್ ರೋಲ್ ಯಾರು ಯಾರಿಗೆ ಅಂಟಿಕೊಂಡಿದೆ ನೋಡಿ. ಬಿಟ್ಟುಹೋದ ಉದ್ಯೋಗಿಯ ಹೆಸರು, ಯಾವತ್ತೋ ಪರೀಕ್ಷೆಗೆ ಹಾಕಿದ ತಂತ್ರಾಂಶದ ಸರ್ವಿಸ್ ಅಕೌಂಟ್ (ಪಾಡ್‌ಗಳು ಬಳಸುವ ಖಾತೆ), ಪೈಪ್‌ಲೈನ್‌ನ ಅಕೌಂಟ್ ಇವೆಲ್ಲ ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಒಂದೊಂದು ಅಕೌಂಟಿಗೂ ನಿಜಕ್ಕೂ ಏನೇನು ಮಾಡಲು ಬರುತ್ತದೆ ಎಂದು ತಿಳಿಯಲು 'ಕ್ಯೂಬ್‌ಸಿಟಿಎಲ್ ಆಥ್ ಕ್ಯಾನ್ ಐ' ಆಜ್ಞೆಗೆ 'ಲಿಸ್ಟ್' ಮತ್ತು 'ಆ್ಯಸ್' ಫ್ಲ್ಯಾಗ್‌ಗಳನ್ನು ಕೊಡಿ. ಕಾಗದದ ಮೇಲೆ ಯೋಚಿಸುವುದಕ್ಕಿಂತ ಅದು ಕೊಡುವ ಉತ್ತರ ನೇರ.

ಮೇಲ್ನೋಟಕ್ಕೆ ಸಾಧು ಎನಿಸುವ ಕೆಲವು ಅನುಮತಿಗಳಿವೆ. 'ಪಾಡ್ ರಚಿಸಬಹುದು' ಎಂಬುದು ಅವುಗಳಲ್ಲಿ ಮುಖ್ಯ. ಒಂದು ನೇಮ್‌ಸ್ಪೇಸ್‌ನಲ್ಲಿ ಪಾಡ್ ರಚಿಸಬಲ್ಲವರು ಅಲ್ಲಿನ ಯಾವುದೇ ಸೀಕ್ರೆಟನ್ನು ಆ ಪಾಡ್‌ಗೆ ಜೋಡಿಸಿ ಓದಬಹುದು, ಅಲ್ಲಿನ ಯಾವುದೇ ಸರ್ವಿಸ್ ಅಕೌಂಟ್ ಹೆಸರಲ್ಲಿ ಅದನ್ನು ಓಡಿಸಬಹುದು. ಹಾಗಾಗಿ ಡೆವಲಪರ್‌ಗೆ ಸೀಕ್ರೆಟ್ ಓದುವ ಅನುಮತಿ ಕೊಟ್ಟಿಲ್ಲ, ಪಾಡ್ ರಚಿಸುವುದಷ್ಟೇ ಕೊಟ್ಟಿದ್ದೇವೆ ಎಂದರೆ ಏನನ್ನೂ ತಡೆದಂತಾಗಲಿಲ್ಲ. ತಂಡಕ್ಕೊಂದು, ಅಪ್ಲಿಕೇಶನ್‌ಗೊಂದು ನೇಮ್‌ಸ್ಪೇಸ್ ಮಾಡುವುದರ ನಿಜವಾದ ಉಪಯೋಗ ಇಲ್ಲಿದೆ. 'ಎಸ್ಕಲೇಟ್', 'ಬೈಂಡ್', 'ಇಂಪರ್ಸೊನೇಟ್' ಎಂಬ ಮೂರು ಕ್ರಿಯೆಗಳು ಯಾವುದಾದರೂ ರೋಲ್‌ನಲ್ಲಿ ಕಂಡರೆ ಅಲ್ಲೇ ನಿಂತು ವಿಚಾರಿಸಿ. ಇವು ಇದ್ದವರು ತಮ್ಮ ಅಧಿಕಾರವನ್ನು ತಾವೇ ಹೆಚ್ಚಿಸಿಕೊಳ್ಳಬಲ್ಲರು.

ಇನ್ನೊಂದು ಸುಲಭದ ಕೆಲಸ. ಪ್ರತಿ ಪಾಡ್‌ಗೂ ಕುಬರ್ನೆಟೀಸ್ ತಾನಾಗಿ ಒಂದು ಸರ್ವಿಸ್ ಅಕೌಂಟ್ ಟೋಕನ್ ಜೋಡಿಸುತ್ತದೆ. ನಿಮ್ಮ ವೆಬ್ ಅಪ್ಲಿಕೇಶನ್‌ಗೆ ಕುಬರ್ನೆಟೀಸ್ ಎಪಿಐ ಜೊತೆ ಮಾತಾಡುವ ಕೆಲಸವೇ ಇಲ್ಲ ಎಂದಾದರೆ ಆ ಟೋಕನ್ ಏಕೆ? 'ಆಟೋಮೌಂಟ್ ಸರ್ವಿಸ್ ಅಕೌಂಟ್ ಟೋಕನ್' ಎಂಬ ಒಂದು ಸಾಲನ್ನು ಫಾಲ್ಸ್ ಮಾಡಿ. ಅಪ್ಲಿಕೇಶನ್‌ನಲ್ಲಿ ಏನೂ ಬದಲಾಗುವುದಿಲ್ಲ, ಒಳನುಗ್ಗಿದವರಿಗೆ ಮಾತ್ರ ಒಂದು ಮೆಟ್ಟಿಲು ಇಲ್ಲವಾಗುತ್ತದೆ.

ಪೈಪ್‌ಲೈನ್ ವಿಷಯ. ಎಂದೂ ಅವಧಿ ಮುಗಿಯದ ಕ್ಯೂಬ್‌ಕಾನ್ಫಿಗ್ ಕಡತವನ್ನು ಸಿಐ ವ್ಯವಸ್ಥೆಯಲ್ಲಿ ಇಟ್ಟು ಹೊರಗಿನಿಂದ ಕ್ಲಸ್ಟರ್‌ಗೆ ಡಿಪ್ಲಾಯ್ ಮಾಡುವ ರೂಢಿ ಇನ್ನೂ ಇದೆ. ಅದಕ್ಕಿಂತ ಆರ್ಗೊ ಸಿಡಿ ಅಥವಾ ಫ್ಲಕ್ಸ್ ಬಳಸಿ, ಕ್ಲಸ್ಟರ್ ಒಳಗಿನಿಂದಲೇ ಗಿಟ್ ನೋಡಿ ಎಳೆದುಕೊಳ್ಳುವ ವ್ಯವಸ್ಥೆ ಮೇಲು. ಹೊರಗಡೆ ಕೀಲಿ ಇಡಬೇಕಾಗಿಲ್ಲ. ಹಾಗೆಂದು ಆರ್ಗೊ ಸಿಡಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಕೆಟ್ಟ ಚಾರ್ಟ್ ಒಂದರ ಮೂಲಕ ಬೇರೆ ಅಪ್ಲಿಕೇಶನ್‌ಗಳ ಕಡತಗಳನ್ನು ಓದಬಹುದಾದ ದೋಷ 2022ರ ಫೆಬ್ರವರಿಯಲ್ಲಿ ಅದರಲ್ಲೇ ಸಿಕ್ಕಿತ್ತು.

ಸೀಕ್ರೆಟ್ ಎಷ್ಟು ಗುಟ್ಟು

ಕುಬರ್ನೆಟೀಸ್ ಸೀಕ್ರೆಟ್ ಒಂದನ್ನು ತೆರೆದು ನೋಡಿದರೆ ಅರ್ಥವಾಗದ ಅಕ್ಷರಗಳ ಸಾಲು ಕಾಣುತ್ತದೆ. ಗೂಢಲಿಪಿಯಲ್ಲಿದೆ ಎಂದು ನಂಬಿದವರು ಬಹಳ. ಅದು ಬೇಸ್64, ಬರೀ ಬರೆಯುವ ಬಗೆ. ಯಾವ ಕೀಲಿಯೂ ಇಲ್ಲದೆ ಒಂದೇ ಆಜ್ಞೆಯಲ್ಲಿ ಮೂಲ ಪಾಸ್‌ವರ್ಡ್ ಹೊರಬರುತ್ತದೆ. ಕ್ಲಸ್ಟರ್‌ನ ದತ್ತಾಂಶವನ್ನೆಲ್ಲ ಇಟ್ಟುಕೊಳ್ಳುವ ಎಟ್‌ಸಿಡಿಯಲ್ಲೂ, ನಾವೇ ನಡೆಸುವ ಕ್ಲಸ್ಟರ್ ಆದರೆ, ಬೇರೆ ಏರ್ಪಾಡು ಮಾಡದ ಹೊರತು ಇವು ಗೂಢಲಿಪಿಯಿಲ್ಲದೆ ಕೂತಿರುತ್ತವೆ. ಎಪಿಐ ಸರ್ವರ್‌ಗೆ ಎನ್‌ಕ್ರಿಪ್ಷನ್ ಸಂರಚನೆ ಕೊಡಬೇಕು, ಸಾಧ್ಯವಾದರೆ ಕೀಲಿಯನ್ನು ಹೊರಗಿನ ಕೆಎಂಎಸ್ ಎಂಬ ಕೀಲಿ ನಿರ್ವಹಣಾ ಸೇವೆಯಲ್ಲಿಡಬೇಕು. ಇದನ್ನು ಮಾಡಿದ ಮೇಲೆ ಹಳೆಯ ಸೀಕ್ರೆಟ್‌ಗಳು ತಾವಾಗಿ ಗೂಢಲಿಪಿಗೆ ಬದಲಾಗುವುದಿಲ್ಲ, ಅವನ್ನೆಲ್ಲ ಓದಿ ಮತ್ತೊಮ್ಮೆ ಬರೆಸಬೇಕು. ಈ ಎರಡನೇ ಹೆಜ್ಜೆ ತಪ್ಪಿಹೋಗುವುದು ಸುಲಭ.

ಹೆಲ್ಮ್ ಬಳಸುವವರು ಇನ್ನೂ ಒಂದು ಸಂಗತಿ ತಿಳಿದಿರಬೇಕು. ಹೆಲ್ಮ್ 3 ಪ್ರತಿ ಇನ್‌ಸ್ಟಾಲ್, ಪ್ರತಿ ಅಪ್‌ಗ್ರೇಡ್‌ನ ಪೂರ್ತಿ ದಾಖಲೆಯನ್ನು ಅದೇ ನೇಮ್‌ಸ್ಪೇಸ್‌ನಲ್ಲಿ ಒಂದು ಸೀಕ್ರೆಟ್ ಆಗಿ ಉಳಿಸುತ್ತದೆ. ನೀವು ಕೊಟ್ಟ ವ್ಯಾಲ್ಯೂಗಳೂ ಅದರಲ್ಲಿರುತ್ತವೆ. ಡೇಟಾಬೇಸ್ ಪಾಸ್‌ವರ್ಡನ್ನು ವ್ಯಾಲ್ಯೂ ಆಗಿ ಕೊಟ್ಟಿದ್ದರೆ 'ಹೆಲ್ಮ್ ಗೆಟ್ ವ್ಯಾಲ್ಯೂಸ್' ಎಂದವರಿಗೆ ಅದು ಇದ್ದ ಹಾಗೇ ಕಾಣುತ್ತದೆ. ಡೀಫಾಲ್ಟ್ ಆಗಿ 10 ಹಳೆಯ ರಿವಿಷನ್‌ಗಳವರೆಗೆ ಉಳಿಯುವುದರಿಂದ, ಕಳೆದ ತಿಂಗಳು ಬದಲಿಸಿದ ಪಾಸ್‌ವರ್ಡ್ ಕೂಡ ಅಲ್ಲೇ ಇರುತ್ತದೆ. ಇನ್ನು ಅದೇ ವ್ಯಾಲ್ಯೂಸ್ ಕಡತ ಗಿಟ್‌ನಲ್ಲೂ ಇದ್ದರೆ, ಅಳಿಸಿದ ಮೇಲೂ ಇತಿಹಾಸದಲ್ಲಿ ಶಾಶ್ವತ.

ಆದ್ದರಿಂದ ಪಾಸ್‌ವರ್ಡನ್ನು ವ್ಯಾಲ್ಯೂ ಆಗಿ ಕೊಡಲೇಬೇಡಿ. ಹೆಚ್ಚಿನ ಒಳ್ಳೆಯ ಚಾರ್ಟ್‌ಗಳಲ್ಲಿ 'ಎಕ್ಸಿಸ್ಟಿಂಗ್ ಸೀಕ್ರೆಟ್' ಎಂಬ ಆಯ್ಕೆ ಇರುತ್ತದೆ: ಮೊದಲೇ ಇರುವ ಸೀಕ್ರೆಟ್‌ನ ಹೆಸರನ್ನಷ್ಟೇ ಚಾರ್ಟ್‌ಗೆ ಹೇಳುವುದು. ಆ ಸೀಕ್ರೆಟನ್ನು ಎಕ್ಸ್‌ಟರ್ನಲ್ ಸೀಕ್ರೆಟ್ಸ್ ಆಪರೇಟರ್ ಮೂಲಕ ಕ್ಲೌಡ್‌ನ ಸೀಕ್ರೆಟ್ ಮ್ಯಾನೇಜರ್‌ನಿಂದಲೋ ವಾಲ್ಟ್‌ನಿಂದಲೋ ತರಿಸಿ. ಗಿಟ್‌ನಲ್ಲೇ ಇಡಬೇಕೆಂದಿದ್ದರೆ ಸೀಲ್ಡ್ ಸೀಕ್ರೆಟ್ಸ್ ಅಥವಾ ಸಾಪ್ಸ್ ಬಳಸಿ ಗೂಢಲಿಪಿ ಮಾಡಿ ಇಡಿ. ಸಣ್ಣ ತಂಡಕ್ಕೆ ಸೀಲ್ಡ್ ಸೀಕ್ರೆಟ್ಸ್ ಹೆಚ್ಚು ಹೊರೆಯಲ್ಲ.

2018ರ ಫೆಬ್ರವರಿಯಲ್ಲಿ ರೆಡ್‌ಲಾಕ್ ಸಂಸ್ಥೆ ಹೊರಗೆಡವಿದ ಟೆಸ್ಲಾ ಪ್ರಕರಣದಲ್ಲಿ ಸೀಕ್ರೆಟ್‌ಗಳೇ ಮುಖ್ಯ ಪಾತ್ರ. ಟೆಸ್ಲಾದ ಒಂದು ಕುಬರ್ನೆಟೀಸ್ ಕನ್ಸೋಲ್ ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್‌ಗೆ ತೆರೆದಿತ್ತು. ಒಳಹೊಕ್ಕವರಿಗೆ ಒಂದು ಪಾಡ್‌ನಲ್ಲಿ ಅಮೆಜಾನ್ ಕ್ಲೌಡ್‌ನ ಕೀಲಿಗಳು ಸಿಕ್ಕವು. ಅಲ್ಲಿಂದ ವಾಹನಗಳ ಟೆಲಿಮೆಟ್ರಿ ಮಾಹಿತಿ ಇದ್ದ ಸಂಗ್ರಹಕ್ಕೂ ದಾರಿಯಾಯಿತು. ಜೊತೆಗೆ ಕ್ಲಸ್ಟರ್‌ನಲ್ಲಿ ಕ್ರಿಪ್ಟೊ ನಾಣ್ಯಗಳ ಗಣಿಗಾರಿಕೆ. ಯಾರಿಗೂ ಅನುಮಾನ ಬರದಿರಲೆಂದು ಅವರು ಸಿಪಿಯು ಬಳಕೆಯನ್ನು ಕಡಿಮೆ ಇಟ್ಟು, ತಮ್ಮ ಸರ್ವರನ್ನು ಕ್ಲೌಡ್‌ಫ್ಲೇರ್ ಹಿಂದೆ ಅಡಗಿಸಿದ್ದರು.

ಇಮೇಜ್ ಮತ್ತು ಪಾಡ್

ಯಾವುದರಿಂದ ಕಂಟೇನರ್ ಓಡುತ್ತದೋ ಆ ಇಮೇಜ್‌ನ ಟ್ಯಾಗ್ ಒಂದು ಚೀಟಿಯಷ್ಟೇ, ಅದನ್ನು ಕಿತ್ತು ಬೇರೆ ಇಮೇಜಿಗೆ ಅಂಟಿಸಬಹುದು. 'ಲೇಟೆಸ್ಟ್' ಮಾತ್ರವಲ್ಲ, '1.4.2' ಕೂಡ. ಚೀಟಿ ಬದಲಿಸಿದರೆ ಏನಾಗುತ್ತದೆ ಎಂಬುದನ್ನು 2025ರ ಮಾರ್ಚ್‌ನಲ್ಲಿ ಗಿಟ್‌ಹಬ್‌ನ ಒಂದು ಜನಪ್ರಿಯ ಆ್ಯಕ್ಷನ್, ಟಿಜೆ ಆ್ಯಕ್ಷನ್ಸ್‌ನ ಚೇಂಜ್ಡ್ ಫೈಲ್ಸ್, ತೋರಿಸಿತು. 23,000ಕ್ಕೂ ಹೆಚ್ಚು ರೆಪೊಸಿಟರಿಗಳು ಅದನ್ನು ಬಳಸುತ್ತಿದ್ದವು. ದಾಳಿಕೋರರು ಅದರ ಹಳೆಯ ಆವೃತ್ತಿಗಳ ಟ್ಯಾಗ್‌ಗಳನ್ನೆಲ್ಲ ತಮ್ಮ ಕೋಡ್ ಕಡೆಗೆ ತಿರುಗಿಸಿದರು, ಅದು ಬಿಲ್ಡ್ ಲಾಗ್‌ಗಳಿಗೆ ಸೀಕ್ರೆಟ್‌ಗಳನ್ನು ಸುರಿಯಿತು. ಟ್ಯಾಗ್ ಬದಲು ಪೂರ್ಣ ಹ್ಯಾಶ್ ಬರೆದು, ದಾಳಿಯ ಹೊತ್ತಿನಲ್ಲಿ ಅದನ್ನು ಬದಲಿಸದೆ ಬಿಟ್ಟವರು ಉಳಿದುಕೊಂಡರು. ಇಮೇಜ್‌ಗಳಿಗೂ ಅದೇ ನಿಯಮ: ಪ್ರೊಡಕ್ಷನ್‌ನಲ್ಲಿ ಎಸ್‌ಎಚ್‌ಎ256 ಡೈಜೆಸ್ಟ್ ಬರೆಯಿರಿ.

ಸಹಿ ನೋಡುವುದು ಮುಂದಿನ ಹೆಜ್ಜೆ. ಹೆಲ್ಮ್‌ನ ಹಳೆಯ ಪಿಜಿಪಿ ಸಹಿ ವ್ಯವಸ್ಥೆಯನ್ನು ಬಳಸುವವರು ಕಡಿಮೆ. ಚಾರ್ಟನ್ನು ಇಮೇಜ್‌ನ ಹಾಗೆಯೇ ಒಸಿಐ ರಿಜಿಸ್ಟ್ರಿಯಲ್ಲಿ ಇಡುವ ಸೌಲಭ್ಯ 2022ರಲ್ಲಿ ಹೆಲ್ಮ್ 3.8ರೊಂದಿಗೆ ಗಟ್ಟಿಯಾದ ಮೇಲೆ, ಕೊಸೈನ್ ಎಂಬ ಒಂದೇ ಸಾಧನದಿಂದ ಇಮೇಜ್, ಚಾರ್ಟ್ ಎರಡಕ್ಕೂ ಸಹಿ ಹಾಕಬಹುದು, ಪರಿಶೀಲಿಸಬಹುದು. ಸಹಿಯಿಲ್ಲದ ಇಮೇಜನ್ನು ಕ್ಲಸ್ಟರ್ ಒಳಗೇ ಬಿಡದಂತೆ ತಡೆಯಲು ಕೈವರ್ನೊ ಇದೆ. ಹೊರಗಿನವರ ಇಮೇಜ್ ಮತ್ತು ಚಾರ್ಟ್‌ಗಳ ಪ್ರತಿಯನ್ನು ನಿಮ್ಮದೇ ರಿಜಿಸ್ಟ್ರಿಯಲ್ಲಿ ಇಟ್ಟುಕೊಳ್ಳಿ ಎಂದೂ ಹೇಳುತ್ತೇನೆ. 2025ರಲ್ಲಿ, ಸಿದ್ಧ ಇಮೇಜ್ ಮತ್ತು ಚಾರ್ಟ್‌ಗಳನ್ನು ಹಂಚುವ ಬಿಟ್ನಾಮಿ ತನ್ನ ಉಚಿತ ಇಮೇಜ್‌ಗಳಲ್ಲಿ ಬಹುಪಾಲನ್ನು ಅಪ್‌ಡೇಟ್ ಬಾರದ ಲೆಗಸಿ ಸಂಗ್ರಹಕ್ಕೆ ಸಾಗಿಸಿದಾಗ, ನೇರವಾಗಿ ಅಲ್ಲಿಂದ ಎಳೆಯುತ್ತಿದ್ದ ಚಾರ್ಟ್‌ಗಳೆಲ್ಲ ಬದಲಿ ದಾರಿ ಹುಡುಕಬೇಕಾಯಿತು.

ಪಾಡ್ ಓಡುವಾಗ ಅದಕ್ಕೆ ರೂಟ್ ಅಧಿಕಾರ ಬೇಡ. ಇಮೇಜ್‌ನಲ್ಲಿ ಬೇರೆ ಬಳಕೆದಾರರನ್ನು ಹೇಳದಿದ್ದರೆ ಕಂಟೇನರ್ ರೂಟ್ ಆಗಿಯೇ ಓಡುತ್ತದೆ. ಯೂಸರ್ ನೇಮ್‌ಸ್ಪೇಸ್ ಬಳಸದಿದ್ದರೆ ಆ ರೂಟ್, ಯಂತ್ರದ ರೂಟ್ ಎರಡೂ ಒಂದೇ. 2019ರಲ್ಲೂ 2024ರಲ್ಲೂ ಕಂಟೇನರ್ ಓಡಿಸುವ ರನ್‌ಸಿ ತಂತ್ರಾಂಶದಲ್ಲಿ ಹೊರಗೆ ನುಸುಳಬಹುದಾದ ದೋಷಗಳು ಸಿಕ್ಕಿವೆ. ಪಾಡ್‌ಗಳು ರೂಟ್ ಆಗಿ ಓಡದಂತೆ ತಡೆಯಲು ಕುಬರ್ನೆಟೀಸ್‌ನಲ್ಲೇ ಇರುವ ಪಾಡ್ ಸೆಕ್ಯೂರಿಟಿ ಅಡ್ಮಿಷನ್ ಸಾಕು. ಹಳೆಯ ಪಾಡ್ ಸೆಕ್ಯೂರಿಟಿ ಪಾಲಿಸಿಯನ್ನು 2022ರಲ್ಲಿ 1.25 ಆವೃತ್ತಿಯಿಂದ ತೆಗೆದು, ಅದೇ ಆವೃತ್ತಿಯಲ್ಲಿ ಇದನ್ನು ಸ್ಥಿರಗೊಳಿಸಿದರು. ನೇಮ್‌ಸ್ಪೇಸ್‌ಗೆ ಒಂದು ಲೇಬಲ್ ಹಾಕಿದರೆ ಮುಗಿಯಿತು: ಸಡಿಲದಿಂದ ಬಿಗಿಯ ಕಡೆಗೆ ಪ್ರಿವಿಲೆಜ್ಡ್, ಬೇಸ್‌ಲೈನ್, ರಿಸ್ಟ್ರಿಕ್ಟೆಡ್ ಎಂಬ ಮೂರು ಮಟ್ಟಗಳಲ್ಲಿ ಒಂದು. ಏಕಾಏಕಿ ಜಾರಿ ಮಾಡಿ ರಾತ್ರಿ ಫೋನ್ ಬರಿಸಿಕೊಳ್ಳಬೇಡಿ. ಲೇಬಲ್ ಆಜ್ಞೆಗೆ ಸರ್ವರ್ ಮಟ್ಟದ 'ಡ್ರೈ ರನ್' ಸೇರಿಸಿ ಓಡಿಸಿದರೆ ಯಾವ ಪಾಡ್‌ಗಳು ನಿಯಮ ಮುರಿಯುತ್ತವೆ ಎಂಬ ಪಟ್ಟಿ ಮಾತ್ರ ಬರುತ್ತದೆ, ಏನೂ ಬದಲಾಗುವುದಿಲ್ಲ. ಎಲ್ಲ ಕಡೆ ಬೇಸ್‌ಲೈನ್, ನಿಮ್ಮದೇ ಅಪ್ಲಿಕೇಶನ್‌ಗಳಿಗೆ ರಿಸ್ಟ್ರಿಕ್ಟೆಡ್ ಎಂಬುದು ಒಳ್ಳೆಯ ಗುರಿ. ಕ್ಯೂಬ್ ಸಿಸ್ಟಮ್ ನೇಮ್‌ಸ್ಪೇಸನ್ನು ಬಿಟ್ಟುಬಿಡಿ, ನೆಟ್‌ವರ್ಕ್ ನಡೆಸುವ ಪಾಡ್‌ಗಳಿಗೆ ಹೆಚ್ಚಿನ ಅಧಿಕಾರ ಬೇಕೇ ಬೇಕು.

ಪಾಡ್‌ಗಳ ನಡುವೆ

ಕುಬರ್ನೆಟೀಸ್‌ನಲ್ಲಿ ಡೀಫಾಲ್ಟ್ ಆಗಿ ಪ್ರತಿ ಪಾಡ್ ಪ್ರತಿ ಪಾಡ್ ಜೊತೆ ಮಾತಾಡಬಹುದು. ನೇಮ್‌ಸ್ಪೇಸ್ ಬೇರೆಯಾದರೂ ಅಡ್ಡಿಯಿಲ್ಲ. ನೆಟ್‌ವರ್ಕ್ ಪಾಲಿಸಿ ಬರೆದು ಮೊದಲು ಎಲ್ಲವನ್ನೂ ಮುಚ್ಚಿ, ಬೇಕಾದದ್ದನ್ನಷ್ಟೇ ತೆರೆಯಬೇಕು. ಹೊರಹೋಗುವ ದಾರಿ ಮುಚ್ಚುವಾಗ ಡಿಎನ್‌ಎಸ್‌ನ 53ನೇ ಪೋರ್ಟನ್ನು ಯುಡಿಪಿ, ಟಿಸಿಪಿ ಎರಡಕ್ಕೂ ತೆರೆದಿಡಿ. ಮರೆತರೆ ಯಾವ ಸೇವೆಗೂ ಇನ್ನೊಂದರ ಹೆಸರು ಸಿಗದೆ ಎಲ್ಲ ಒಮ್ಮೆಲೇ ನಿಲ್ಲುತ್ತದೆ, ಆ ಗಾಬರಿಯಲ್ಲಿ ಪಾಲಿಸಿಯನ್ನೇ ಅಳಿಸಿಹಾಕುವುದು ಸಾಮಾನ್ಯ. ಕ್ಲೌಡ್‌ನಲ್ಲಿದ್ದರೆ 169.254.169.254 ಎಂಬ ಮೆಟಾಡೇಟಾ ವಿಳಾಸಕ್ಕೆ ಪಾಡ್‌ಗಳಿಂದ ದಾರಿ ಮುಚ್ಚಿ. ಯಂತ್ರದ ಕ್ಲೌಡ್ ಕೀಲಿಗಳು ಸಿಗುವುದು ಅಲ್ಲಿಂದ.

ಒಂದು ಎಚ್ಚರಿಕೆ. ಪಾಲಿಸಿ ಬರೆದ ಮಾತ್ರಕ್ಕೆ ಜಾರಿಯಾಗುವುದಿಲ್ಲ, ಜಾರಿ ಮಾಡುವುದು ಕ್ಯಾಲಿಕೊ ಅಥವಾ ಸಿಲಿಯಂನಂಥ ನೆಟ್‌ವರ್ಕ್ ಪ್ಲಗಿನ್. ಫ್ಲ್ಯಾನೆಲ್ ಮಾತ್ರ ಇರುವ ಕ್ಲಸ್ಟರ್‌ನಲ್ಲಿ ಎಪಿಐ ಸರ್ವರ್ ನಿಮ್ಮ ಪಾಲಿಸಿಯನ್ನು ಒಪ್ಪಿಕೊಳ್ಳುತ್ತದೆ, ಪಟ್ಟಿಯಲ್ಲೂ ತೋರಿಸುತ್ತದೆ, ಏನನ್ನೂ ತಡೆಯುವುದಿಲ್ಲ. ಒಂದು ತಾತ್ಕಾಲಿಕ ಪಾಡ್ ಎಬ್ಬಿಸಿ, ಮುಚ್ಚಿದ ಸೇವೆಗೆ ಕೋರಿಕೆ ಕಳಿಸಿ, ಅದು ನಿಜಕ್ಕೂ ಸೋಲುತ್ತದೆಯೇ ನೋಡಿದ ಮೇಲೆಯೇ ನಂಬಿ.

ಹಳೆಯದಾಗುವುದು, ಕೆಡುವುದು

ಕುಬರ್ನೆಟೀಸ್‌ನ ಹೊಸ ಆವೃತ್ತಿ ವರ್ಷಕ್ಕೆ ಮೂರು ಸಲ ಬರುತ್ತದೆ, ಪ್ರತಿಯೊಂದಕ್ಕೂ ಸುಮಾರು 14 ತಿಂಗಳು ಪ್ಯಾಚ್ ಸಿಗುತ್ತದೆ. ವರ್ಷಕ್ಕೊಮ್ಮೆಯಾದರೂ ಅಪ್‌ಗ್ರೇಡ್ ಮಾಡದಿದ್ದರೆ ಪ್ಯಾಚ್ ಇಲ್ಲದ ಕ್ಲಸ್ಟರ್ ನಡೆಸುತ್ತಿದ್ದೀರಿ ಎಂದರ್ಥ. ಇಂಗ್ರೆಸ್ ಎಂಜಿನ್‌ಎಕ್ಸ್‌ನ ಕಥೆಯೂ ಮುಗಿದಿದೆ. ಅದನ್ನು ನೋಡಿಕೊಳ್ಳಲು ಜನ ಸಾಲದೆ, 2026ರ ಮಾರ್ಚ್‌ವರೆಗೆ ಮಾತ್ರ ನಿರ್ವಹಣೆ ಎಂದು 2025ರ ನವೆಂಬರ್‌ನಲ್ಲೇ ಘೋಷಿಸಿದರು. ಇನ್ನೂ ಅದರ ಮೇಲಿರುವವರು ಗೇಟ್‌ವೇ ಎಪಿಐ ಕಡೆಗೋ ಬೇರೆ ಕಂಟ್ರೋಲರ್ ಕಡೆಗೋ ಹೊರಡಲೇಬೇಕು.

ಇಷ್ಟೆಲ್ಲ ಮಾಡಿದರೂ ಒಂದು ದಿನ ಯಾವುದೋ ಪಾಡ್‌ನಲ್ಲಿ ಇರಬಾರದ ಪ್ರಕ್ರಿಯೆ ಓಡುತ್ತಿರುವುದು ಕಾಣಬಹುದು. ಪಾಡ್‌ಗಳ ವರ್ತನೆ ಗಮನಿಸುವ ಫ್ಯಾಲ್ಕೊ ಸಾಧನ ಇದ್ದರೆ ಅದು ಬೇಗ ಕಾಣುತ್ತದೆ. ಆಗ ಪಾಡನ್ನು ಥಟ್ಟನೆ ಅಳಿಸಬೇಡಿ. ಅಳಿಸಿದರೆ ಅದರ ಲಾಗ್ ಮತ್ತು ಮೆಮೊರಿಯ ಸಾಕ್ಷ್ಯವೂ ಹೋಗುತ್ತದೆ, ಅದೇ ದೋಷದ ಹೊಸ ಪಾಡ್ ಬಂದು ಕೂರುತ್ತದೆ. ಕೆಟ್ಟ ಪಾಡ್‌ಗೆ ಒಂದು ಪ್ರತ್ಯೇಕ ಲೇಬಲ್ ಹಾಕಿ, ಆ ಲೇಬಲ್‌ಗೆ ಎಲ್ಲ ದಾರಿ ಮುಚ್ಚುವ ನೆಟ್‌ವರ್ಕ್ ಪಾಲಿಸಿ ಹಚ್ಚಿ. ಅದು ಕೂತಿರುವ ಯಂತ್ರವನ್ನು 'ಕಾರ್ಡನ್' ಮಾಡಿ, ಹೊಸ ಪಾಡ್‌ಗಳು ಅಲ್ಲಿಗೆ ಹೋಗುವುದಿಲ್ಲ. ಡಿಸ್ಕ್‌ನ ಸ್ನ್ಯಾಪ್‌ಶಾಟ್ ತೆಗೆದಿಡಿ. ಆ ಪಾಡ್‌ನ ಕೈಗೆಟುಕಿದ್ದ ಪ್ರತಿ ಪಾಸ್‌ವರ್ಡ್, ಪ್ರತಿ ಟೋಕನ್ ಬದಲಿಸಿ.

ಸಾಕ್ಷ್ಯ ಸಿಗಬೇಕಾದರೆ ಅದನ್ನು ಮೊದಲೇ ಕೂಡಿಟ್ಟಿರಬೇಕು. ಕುಬರ್ನೆಟೀಸ್‌ನ ಈವೆಂಟ್‌ಗಳು ಡೀಫಾಲ್ಟ್ ಆಗಿ ಉಳಿಯುವುದು 1 ಗಂಟೆ ಮಾತ್ರ. ಯಾರು ಯಾವಾಗ ಎಪಿಐಗೆ ಏನು ಕೇಳಿದರು ಎಂಬ ಆಡಿಟ್ ಲಾಗನ್ನು, ಸ್ವಂತ ಕ್ಲಸ್ಟರ್ ಆದರೆ, ನಾವೇ ಸಂರಚಿಸಬೇಕು. ಅದನ್ನು ಕ್ಲಸ್ಟರ್‌ನಿಂದ ಹೊರಗೆ, ಕ್ಲಸ್ಟರ್ ಅಡ್ಮಿನ್ ಕೂಡ ಅಳಿಸಲಾಗದ ಕಡೆ ಇಡಿ. ಭಾರತದಲ್ಲಿ ಇದು ಕಾನೂನಿನ ಮಾತೂ ಹೌದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು, ಅದರ ಪಟ್ಟಿಯಲ್ಲಿರುವ ಬಗೆಯ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಆ 6 ಗಂಟೆಯಲ್ಲಿ ವರದಿ ಬರೆಯುವವರು ಯಾರು, ಕ್ಲಸ್ಟರ್ ಮುಟ್ಟುವವರು ಯಾರು ಎಂಬುದನ್ನು ನಿಮ್ಮ ತಂಡದಲ್ಲಿ ಈ ವಾರವೇ ಹೆಸರು ಹಿಡಿದು ಗೊತ್ತುಮಾಡಿಕೊಳ್ಳಿ.